ಬಾವಡಿಗೆ ಬೇಗಮರ ಹೆಸರು, ಉತಾರದಲ್ಲಿ ಮಗಳ ಹೆಸರಿಲ್ಲ

ವಿಜಯಪುರದಲ್ಲಿ ನೀರಿಗೆ ಹೆಂಗಸರ ಹೆಸರಿದೆ. ಒಂದನೆಯ ಅಲಿ ಆದಿಲ್ ಶಾಹ 1579ರಲ್ಲಿ ಕಟ್ಟಿಸಿದ ಬಾವಡಿ ಆತನ ಮಡದಿ ಚಾಂದ್ ಬೀಬಿಯ ಹೆಸರಿನದು. 1620ರ ತಾಜ್ ಬಾವಡಿ ಎರಡನೆಯ ಇಬ್ರಾಹೀಮನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಜಹಾನ್ ಬೇಗಮಳ ನೆನಪಿಗೆ ಕಟ್ಟಿಸಿದ ಕೆರೆಯನ್ನು ನಾವು ಇಂದಿಗೂ ಬೇಗಂ ತಲಾಬ್ ಎಂದೇ ಕರೆಯುತ್ತೇವೆ. ಮಳೆ ಕೈಕೊಡುವುದೇ ರೂಢಿಯಾದ ಈ ಸೀಮೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರನ್ನು ನೀರಿಗಿಡುವುದಕ್ಕಿಂತ ದೊಡ್ಡ ಗೌರವ ಇನ್ನೊಂದಿರಲಾರದು. ಇದನ್ನು ಹೇಳಿಕೊಂಡು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ.

ಆದರೆ ಹಾಗೆ ಹೆಮ್ಮೆಪಡುವ ನಮ್ಮ ಹಿರಿಯರ ಮನೆಯ ಉತಾರವನ್ನು ಒಮ್ಮೆ ತೆಗೆದು ನೋಡಿ. ತಂದೆ ತೀರಿಕೊಂಡ ನಂತರ ಹೊಲಕ್ಕೆ ಯಾರ ಹೆಸರು ಬಂದಿದೆ? ಅಣ್ಣನದು ಇರುತ್ತದೆ, ತಮ್ಮನದು ಇರುತ್ತದೆ. ಅಕ್ಕತಂಗಿಯರ ಹೆಸರು ಬಹುತೇಕ ಮನೆಗಳಲ್ಲಿ ಇರುವುದಿಲ್ಲ. ಅವರ ಹೆಸರು ಇರುವುದು ಇನ್ನೊಂದು ಕಾಗದದಲ್ಲಿ. ಅದಕ್ಕೆ ಹಕ್ಕು ಬಿಡುಗಡೆ ಪತ್ರ ಎನ್ನುತ್ತಾರೆ.

ಮಾರ್ಚ್ 8ರಂದು, ಶಾಲೆಯ ವಾರ್ಷಿಕೋತ್ಸವದಲ್ಲಿ, ಸೀರತ್ ಸಮಾವೇಶದಲ್ಲಿ ಹೆಣ್ಣಿನ ಸಮಾನತೆಗಾಗಿ ನಿಂತವರ ಹೆಸರುಗಳನ್ನು ಸಾಲಾಗಿ ಹೇಳುವ ವಾಗ್ಮಿಗಳು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಖದೀಜಾ(ರ) ಅವರಿಂದ ಆರಂಭಿಸಿ ಚಾಂದ್ ಬೀಬಿಯವರೆಗೆ, ಸಭೆ ಸರ್ವಧರ್ಮದ್ದಾದರೆ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಸಾವಿತ್ರಿಬಾಯಿ ಫುಲೆಯವರೆಗೆ. ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ. ದೂರದ ಹೆಣ್ಣಿಗೆ ಸಲ್ಲಿಸುವ ಈ ಹೊಗಳಿಕೆ ಮನೆಯ ಹೆಣ್ಣಿಗೆ ಕೊಡಬೇಕಾದ ಬಾಕಿಯ ಬದಲಿಗೆ ಬರೆದುಕೊಡುವ ಹುಸಿ ರಸೀದಿಯಾಗಿದೆ ಎಂಬುದು ನನ್ನ ಆರೋಪ. ಸತ್ತ ರಾಣಿಗೆ ಚಪ್ಪಾಳೆ ತಟ್ಟಲು ಖರ್ಚಿಲ್ಲ. ಬದುಕಿರುವ ತಂಗಿಗೆ ಪಾಲು ಕೊಡಲು ಹೊಲ ಬೇಕಾಗುತ್ತದೆ.

ಈ ಮಾತು ಇಂದು ತುರ್ತಿನದು, ಏಕೆಂದರೆ ಹೊಲದ ಬೆಲೆ ಏರಿದೆ. ಜೋಳ, ಕಡಲೆ ಬಿತ್ತಿ ಮುಗಿಲು ನೋಡುತ್ತಿದ್ದ ಜಮೀನಿಗೆ ತುಬಚಿ-ಬಬಲೇಶ್ವರ ಏತ ನೀರಾವರಿಯ ಕೃಷ್ಣಾ ನೀರು ಬರುವ ಕಾಲ ಇದು. ತಿಕೋಟಾ ಕಡೆಗೆ ದ್ರಾಕ್ಷಿ ಪಡಗಳು ಎದ್ದಿವೆ. ಹಿಂದೆ ಒಣಭೂಮಿಯಾಗಿದ್ದಾಗ ಯಾರ ಹೆಸರಿದ್ದರೇನು ಎಂದು ಸುಮ್ಮನಿದ್ದ ಮನೆಗಳಲ್ಲಿ ಈಗ ಅವಸರ ಹುಟ್ಟಿದೆ. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಹೋದ ಅಕ್ಕನಿಗೆ ಫೋನು ಹೋಗುತ್ತದೆ: 'ಆಪಾ, ಒಂದು ದಿನ ಬಂದು ಹೋಗು, ಒಂದು ಸಹಿ ಅಷ್ಟೇ.' ಬಂದವಳಿಗೆ ಬಿರಿಯಾನಿ ಉಣಬಡಿಸಿ, ಒಂದು ಸೀರೆ ಕೊಟ್ಟು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸುತ್ತಾರೆ. ನೀರು ಬಂತು, ಬೇಗಮರ ಕಾಲದಂತೆ ಅದರ ಜೊತೆಗೆ ಹೆಣ್ಣಿನ ಹೆಸರು ಬರಲಿಲ್ಲ, ಇದ್ದ ಹೆಸರೂ ಹೋಯಿತು.

ಇದನ್ನು ಎತ್ತಿದೊಡನೆ ಕೇಳಿಬರುವ ಮೊದಲ ಉತ್ತರ ನನಗೆ ಗೊತ್ತು. 'ಮೌಲಾನಾ, ಈ ಸಮಾನತೆ, ಮಹಿಳಾ ಹಕ್ಕು ಎಲ್ಲ ಪಶ್ಚಿಮದವರ ಮಾತು. ನಮಗೆ ಶರೀಅತ್ ಇದೆ.' ಸರಿ, ಶರೀಅತ್ತನ್ನೇ ನೋಡೋಣ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಇಬ್ಬರು ಹೆಣ್ಣುಮಕ್ಕಳನ್ನೂ ಪತ್ನಿಯನ್ನೂ ಬಿಟ್ಟುಹೋದರು. ಅವರ ಸಹೋದರ ಅಂದಿನ ಅರಬರ ರೂಢಿಯಂತೆ ಆಸ್ತಿಯನ್ನೆಲ್ಲ ಎತ್ತಿಕೊಂಡ. ಆ ವಿಧವೆ ಮನೆಯಲ್ಲಿ ಕುಳಿತು ವಿಧಿಯನ್ನು ಹಳಿಯಲಿಲ್ಲ. ಎರಡೂ ಮಕ್ಕಳ ಕೈ ಹಿಡಿದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು, ಇವರ ಚಿಕ್ಕಪ್ಪ ಎಲ್ಲವನ್ನೂ ತೆಗೆದುಕೊಂಡಿದ್ದಾನೆ, ಹಣವಿಲ್ಲದೆ ಇವರ ವಿವಾಹವೂ ಆಗದು ಎಂದು ದೂರು ಕೊಟ್ಟರು. ವಾರೀಸಿನ ಸೂಕ್ತ ಅವತೀರ್ಣವಾಯಿತು. ಪ್ರವಾದಿ(ಸ)ಯವರು ಆ ಚಿಕ್ಕಪ್ಪನನ್ನು ಕರೆಸಿ, ಮೂರರಲ್ಲಿ ಎರಡು ಭಾಗ ಹೆಣ್ಣುಮಕ್ಕಳಿಗೂ ಎಂಟನೇ ಒಂದು ಭಾಗ ಅವರ ತಾಯಿಗೂ ಕೊಡು, ಉಳಿದದ್ದು ನಿನ್ನದು ಎಂದು ಆಜ್ಞಾಪಿಸಿದರು. ತಿರ್ಮಿದಿ, ಅಬೂದಾವೂದ್ ಸಂಗ್ರಹಗಳಲ್ಲಿರುವ ಈ ವರದಿಯನ್ನು ನಮ್ಮ ಎಷ್ಟು ಮಸೀದಿಗಳ ಜುಮಾ ಖುತ್ಬಾದಲ್ಲಿ ಕೇಳಿದ್ದೀರಿ? ನಮಾಝಿನ ಸಾಲು ನೇರವಿಲ್ಲದಿದ್ದರೆ ಗದರುವ ನಾವು ಅನ್‌ನಿಸಾ ಅಧ್ಯಾಯದ ಪಾಲುಗಳ ವಿಷಯ ಬಂದಾಗ ಪುಟ ಮಗುಚುತ್ತೇವೆ.

ಆ ಅಧ್ಯಾಯದ ಏಳನೇ ಸೂಕ್ತವು ತಂದೆತಾಯಿ ಮತ್ತು ಆಪ್ತರು ಬಿಟ್ಟುಹೋದುದರಲ್ಲಿ ಗಂಡಸರಿಗೆ ಪಾಲಿರುವಂತೆಯೇ ಹೆಂಗಸರಿಗೂ ಪಾಲಿದೆಯೆಂದು, ಅದು ಅಲ್ಪವಾಗಿರಲಿ ಅಧಿಕವಾಗಿರಲಿ ನಿಗದಿಪಡಿಸಲಾದ ಪಾಲೆಂದು ಸಾರುತ್ತದೆ. ಪಾಲುಗಳ ವಿವರ ಮುಗಿದ ಬಳಿಕ ಹದಿಮೂರು, ಹದಿನಾಲ್ಕನೇ ಸೂಕ್ತಗಳು ಇವು ಅಲ್ಲಾಹನ ಮೇರೆಗಳೆಂದೂ ಮೀರಿದವನಿಗೆ ನರಕವೆಂದೂ ಎಚ್ಚರಿಸುತ್ತವೆ. ನಮಾಝಿನ ರಕಅತ್‌ಗಳ ಸಂಖ್ಯೆ ಕುರ್‌ಆನಿನಲ್ಲಿಲ್ಲ. ಝಕಾತಿನ ಪ್ರಮಾಣವೂ ಇಲ್ಲ. ಮಗಳ ಪಾಲಿನ ಲೆಕ್ಕ ಮಾತ್ರ ಅಂಕಿಯಲ್ಲಿ ಇದೆ. ಹೀಗಿದ್ದೂ ನಾವು ಬಿಟ್ಟದ್ದು ಅದನ್ನೇ.

ಮಗನಿಗೆ ಎರಡು, ಮಗಳಿಗೆ ಒಂದು ಎಂಬುದು ಸಮಾನತೆಯೇ ಎಂದು ಹೊರಗಿನವರು ಕೇಳುತ್ತಾರೆ. ನಮ್ಮವರು ಮಹರ್, ಜೀವನಾಂಶ, ಸಂಸಾರದ ಹೊಣೆ ಗಂಡಸಿನ ಮೇಲಿದೆ ಎಂದು ಉತ್ತರ ಕೊಡುತ್ತಾರೆ. ಆ ಉತ್ತರ ಸರಿ ಎಂದೇ ನಾನೂ ನಂಬಿದ್ದೇನೆ, ಮಕ್ಕಳಿಗೆ ಹಾಗೆಯೇ ಕಲಿಸುತ್ತೇನೆ. ಆದರೆ ಆ ಚರ್ಚೆಗೆ ಇಳಿಯುವ ಅರ್ಹತೆ ಆ ಒಂದು ಪಾಲನ್ನು ಕೊಟ್ಟವನಿಗೆ ಮಾತ್ರ ಇದೆ. ಸೊನ್ನೆ ಕೊಟ್ಟವನು ಅರ್ಧ ಏಕೆ ನ್ಯಾಯ ಎಂದು ವಿವರಿಸಲು ಮೈಕು ಹಿಡಿಯುವುದು ಹಾಸ್ಯಾಸ್ಪದ.

ಕೇಳುವ ಹೆಣ್ಣನ್ನು ಗೌರವಿಸುವ ಪದ್ಧತಿ ನಮ್ಮ ಧರ್ಮದ ಮೊದಲ ಪೀಳಿಗೆಯಲ್ಲೇ ಇತ್ತು. ಕುರ್‌ಆನ್ ಗಂಡಸರನ್ನೇ ಕುರಿತು ಮಾತಾಡುತ್ತದಲ್ಲ, ನಮ್ಮನ್ನೇಕೆ ಹೆಸರಿಸುವುದಿಲ್ಲ ಎಂದು ಉಮ್ಮು ಸಲಮಾ(ರ) ಕೇಳಿದರು. ಅದಕ್ಕೆ ಉತ್ತರವಾಗಿ ವಿಶ್ವಾಸಿ ಪುರುಷರನ್ನೂ ವಿಶ್ವಾಸಿ ಸ್ತ್ರೀಯರನ್ನೂ ಜೊತೆಜೊತೆಯಾಗಿ ಹೆಸರಿಸುವ ಸೂಕ್ತ (33:35) ಬಂತು. ಹುದೈಬಿಯಾ ಒಪ್ಪಂದದ ದಿನ ಸಹಾಬಿಗಳು ದುಃಖದಿಂದ ಕದಲದೆ ನಿಂತಾಗ ದಾರಿ ತೋರಿದ್ದೂ ಅವರ ಸಲಹೆಯೇ. ಖೌಲಾ ಬಿಂತ್ ಸಅಲಬಾ(ರ) ಗಂಡನ ಅನ್ಯಾಯದ ವಿರುದ್ಧ ವಾದಿಸಿದರು. 58ನೇ ಅಧ್ಯಾಯಕ್ಕೆ ವಾದಿಸುವವಳು ಎಂದೇ ಹೆಸರಾಯಿತು. ಖಲೀಫರಾದ ಬಳಿಕ ಉಮರ್(ರ) ದಾರಿಯಲ್ಲಿ ನಿಂತು ಆ ವೃದ್ಧೆಯ ಮಾತು ಮುಗಿಯುವವರೆಗೂ ಕೇಳಿಸಿಕೊಂಡರೆಂದು ತಫ್ಸೀರುಗಳು ಹೇಳುತ್ತವೆ. ನಮ್ಮ ಜಮಾತಿನ ಪಂಚಾಯತಿಯಲ್ಲಿ ಎಷ್ಟು ಮಂದಿ ಅಧ್ಯಕ್ಷರು ಹಾಗೆ ನಿಂತು ಕೇಳುತ್ತಾರೆ?

ಇನ್ನು ಚಾಂದ್ ಬೀಬಿಯ ವಿಷಯ. ಆಕೆ ಸಮಾನತೆಯ ಭಾಷಣ ಮಾಡಿದವಳಲ್ಲ; ಅರಮನೆಯಲ್ಲಿ ಹುಟ್ಟಿ ಅರಮನೆಯನ್ನು ಸೇರಿದವಳು. ಅಹಮದನಗರದ ಹುಸೇನ್ ನಿಜಾಂ ಶಾಹನ ಮಗಳು. ತಾಯಿ ಖುಂಝಾ ಹುಮಾಯೂನ್ ಮಗನ ಪರವಾಗಿ ರಾಜ್ಯ ನಡೆಸಿ, ಕೊನೆಗೆ ಅದೇ ಮಗನಿಂದ ಸೆರೆಗೊಳಗಾದವಳು. 1580ರಲ್ಲಿ ಗಂಡ ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹೀಮ ಒಂಬತ್ತು ವರ್ಷದ ಬಾಲಕ. ಅವನ ಪರವಾಗಿ ಬಿಜಾಪುರವನ್ನು ನೋಡಿಕೊಂಡ ಚಾಂದ್ ಬೀಬಿಯನ್ನು ಮಂತ್ರಿ ಕಿಶ್ವರ್ ಖಾನ್ ಸಾತಾರೆಯ ಕೋಟೆಯಲ್ಲಿ ಕೂಡಿಹಾಕಿದ. ಆಕೆ ಬಿಡುಗಡೆಯಾಗಿ ಮತ್ತೆ ಬಂದಳು. 1595ರ ಡಿಸೆಂಬರಿನಲ್ಲಿ ಅಕ್ಬರನ ಮಗ ಮುರಾದ್ ಅಹಮದನಗರವನ್ನು ಮುತ್ತಿದಾಗ ಅಲ್ಲಿನ ರಕ್ಷಣೆ ಆಕೆಯ ಕೈಯಲ್ಲಿತ್ತು. ಮೊಗಲರು ಸುರಂಗ ತೋಡಿ ಮದ್ದು ಸಿಡಿಸಿ ಗೋಡೆ ಉರುಳಿಸಿದಾಗ ಕತ್ತಿ ಹಿಡಿದು ಬಿರುಕಿನ ಬಾಯಿಗೆ ಬಂದು ನಿಂತಳು. ರಾತ್ರಿ ಬೆಳಗಾಗುವುದರೊಳಗೆ ಗೋಡೆಯನ್ನು ಮತ್ತೆ ಕಟ್ಟಿಸಿದಳು. ಮರುವರ್ಷ ಮುತ್ತಿಗೆ ತೆರವಾಯಿತು.

ವಾಗ್ಮಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಕತೆ ಇಲ್ಲಿಗೆ ನಿಲ್ಲುವುದಿಲ್ಲ. 1600ರಲ್ಲಿ ಮೊಗಲರು ಮತ್ತೆ ಬಂದರು. ಕೋಟೆ ಉಳಿಯಲಾರದೆಂದು ಕಂಡ ಚಾಂದ್ ಬೀಬಿ ಸಂಧಿಯ ಮಾತುಕತೆಗೆ ಮುಂದಾದಳು. ಆಕೆ ಶತ್ರುವಿನೊಂದಿಗೆ ಸೇರಿದ್ದಾಳೆಂದು ಹಮೀದ್ ಖಾನ್ ಎಂಬವನು ಬೀದಿಯಲ್ಲಿ ಕೂಗಿದ. ಕೊಂದವರು ಮೊಗಲರಲ್ಲ, ಆಕೆ ಯಾರಿಗಾಗಿ ಗೋಡೆಯ ಬಿರುಕಿನಲ್ಲಿ ನಿಂತಿದ್ದಳೋ ಆ ತನ್ನ ಜನರೇ. ಕೆಲವು ವಾರಗಳಲ್ಲಿ ಕೋಟೆ ಬಿತ್ತು.

'ಹೊರಗಿನವರ ಜೊತೆ ಸೇರಿದ್ದಾಳೆ' ಎಂಬ ಆ ಕೂಗು ನಾಲ್ಕು ನೂರು ವರ್ಷಗಳಾದರೂ ಹಳತಾಗಿಲ್ಲ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ತಲಾಖ್‌ನ ದುರುಪಯೋಗದಿಂದ ನಲುಗಿದ ಹೆಣ್ಣಿನ ಬದುಕನ್ನು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ಬರೆದಾಗ ಅವರಿಗೆ ಕೇಳಿಸಿದ್ದು ಅದೇ ಕೂಗು. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರು ಹೆಂಗಸರಿಗೂ ಮಸೀದಿ ಪ್ರವೇಶ ಬೇಕೆಂದು ಹೇಳಿದಾಗ 2000ದಲ್ಲಿ ಅವರ ಕುಟುಂಬ ಬಹಿಷ್ಕಾರ ಎದುರಿಸಿತು. ಇಪ್ಪತ್ತೈದು ವರ್ಷಗಳ ನಂತರ, 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅವರು ಅನುವಾದಿಸಿದ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ವಾಟ್ಸಪ್ ಗುಂಪುಗಳಲ್ಲೂ 'ನಮ್ಮ ಹೆಮ್ಮೆ' ಎಂಬ ಚಿತ್ರಗಳು ಓಡಾಡಿದವು. ಬಾನು ಅವರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ. ಆದರೆ ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಪ್ರವಾದಿವಚನ ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇದೆ. ಆ ವಚನವನ್ನು ಕೇಳಿಯೂ ನಾವು ತಡೆದೇ ತೀರುತ್ತೇವೆ ಎಂದ ಸ್ವಂತ ಮಗನನ್ನು ಇಬ್ನ್ ಉಮರ್(ರ) ಎಷ್ಟು ಕಟುವಾಗಿ ಬೈದರೆಂಬುದೂ ಅಲ್ಲೇ ಇದೆ. ಹದೀಸನ್ನು ನೆನಪಿಸಿದವಳನ್ನು ಹೊರಗಿಟ್ಟವರು ಯಾವ ಗ್ರಂಥವನ್ನು ಓದಿದ್ದರೋ.

ಇನ್ನೊಂದು ಬದಿಯವರಿಗೂ ಒಂದು ಮಾತು. ಮುಸ್ಲಿಂ ಹೆಣ್ಣಿನ ಕಣ್ಣೀರನ್ನು ತೋರಿಸಿ ಇಡೀ ಸಮುದಾಯವನ್ನು ಬೈಯಲು ಕಾದಿರುವವರು ಈ ಲೇಖನವನ್ನು ಕತ್ತರಿಸಿಕೊಂಡು ಸಂತೋಷಪಡಬೇಕಿಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲೂ ಕೇಂದ್ರ 2005ರಲ್ಲೂ ಕಾನೂನು ಮಾಡಿ ಕೊಟ್ಟಿವೆ. ಆದರೂ ಹಕ್ಕು ಬಿಡುಗಡೆ ಪತ್ರ ಬರೆಯಿಸಲು ಸಾಲಿನಲ್ಲಿ ನಿಂತ ಅಣ್ಣತಮ್ಮಂದಿರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಈ ಒಂದು ವಿಷಯದಲ್ಲಿ ನಮ್ಮ ನಾಡಿನ ಭಾವೈಕ್ಯ ಪರಿಪೂರ್ಣವಾಗಿದೆ.

ತಿಕೋಟಾ ಕಡೆಯಿಂದ ವಿಜಯಪುರಕ್ಕೆ ಬರುವವರಿಗೆ ದಾರಿಯಲ್ಲೇ ತೊರವಿ ಸಿಗುತ್ತದೆ. ಅಲ್ಲಿ 2003ರಲ್ಲಿ ಆರಂಭವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ಮಹಿಳಾ ವಿಶ್ವವಿದ್ಯಾಲಯವಿದೆ. ನಮ್ಮ ಹೆಣ್ಣುಮಕ್ಕಳೂ ಅಲ್ಲಿ ಓದುತ್ತಾರೆ. ಅಕ್ಕನನ್ನು ಅನುಭವ ಮಂಟಪದಲ್ಲಿ ಅಲ್ಲಮರು ಪ್ರಶ್ನೆಗಳಿಂದ ಪರೀಕ್ಷಿಸಿದರು, ಆಕೆ ಸಭೆಯಲ್ಲೇ ಉತ್ತರ ಕೊಟ್ಟಳು, ಬಿ.ಎ.ಯಲ್ಲಿ ಕನ್ನಡ ಓದುವಾಗ ಆ ಪ್ರಸಂಗ ನನ್ನನ್ನು ಹಿಡಿದು ನಿಲ್ಲಿಸಿತ್ತು. ಆದರೆ ಈ ವಾದಕ್ಕೆ ನನಗೆ ಹೆಚ್ಚು ಬೇಕಾದವಳು ಅವಳಷ್ಟು ಪ್ರಸಿದ್ಧಳಲ್ಲದ ಇನ್ನೊಬ್ಬ ಶರಣೆ, ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ನಿತ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇದು ನಮ್ಮ ಪಾಲಿಗಿಂತ ಮಿಗಿಲು, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ತನ್ನದಲ್ಲದ ಒಂದು ಹಿಡಿ ಅಕ್ಕಿ ಹೊಸ್ತಿಲು ದಾಟಕೂಡದೆಂದ ಹೆಣ್ಣು ಅವಳು. ಹಲಾಲ್-ಹರಾಂ ಕುರಿತು ನಾವು ಮಕ್ಕಳಿಗೆ ಬೋಧಿಸುವುದೂ ಇದನ್ನೇ ಅಲ್ಲವೇ? ತಂಗಿಯ ಮೂರೂವರೆ ಎಕರೆಯಲ್ಲಿ ಬೆಳೆದ ದ್ರಾಕ್ಷಿಯ ಹಣದಿಂದ ಉಮ್ರಾಕ್ಕೆ ಹೋಗುವವರ ಮನೆಯಲ್ಲಿ ಒಬ್ಬ ಲಕ್ಕಮ್ಮನಾದರೂ ಇದ್ದಿದ್ದರೆ ಎಂದು ಅನಿಸುತ್ತದೆ. ಅತ್ತಿಗೆಯರೇ, ನಿಮಗೂ ಈ ಮಾತು ಸೇರುತ್ತದೆ.

ಅಣ್ಣಂದಿರ ವಾದಗಳು ಇನ್ನೂ ಇವೆ. 'ಅವಳ ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿದ್ದೇವೆ.' ನಿಮ್ಮ ವಲೀಮಾಕ್ಕೆ ಮಾಡಿದ ಖರ್ಚನ್ನು ನಿಮ್ಮ ಪಾಲಿನಿಂದ ಕಳೆದಿರಾ? ಜಹೇಜ್ ಶರೀಅತ್ ವಿಧಿಸಿದ್ದಲ್ಲ, ವಾರೀಸು ಅಲ್ಲಾಹನು ವಿಧಿಸಿದ್ದು. ಬೇಡದ್ದನ್ನು ಕೊಟ್ಟು ಬೇಕಾದದ್ದಕ್ಕೆ ವಜಾ ಹಾಕುವ ಲೆಕ್ಕ ಯಾವ ಮದರಸದಲ್ಲೂ ಕಲಿಸುವುದಿಲ್ಲ.

'ಅವಳೇ ಸಂತೋಷದಿಂದ ಬಿಟ್ಟುಕೊಟ್ಟಳು.' ಇದು ಎಲ್ಲಕ್ಕಿಂತ ನಯವಾದ ವಾದ, ಆದ್ದರಿಂದ ಎಲ್ಲಕ್ಕಿಂತ ಅಪಾಯಕಾರಿ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಗಂಡ ಬಿಟ್ಟರೆ ಬಂದು ನಿಲ್ಲಲು ಜಾಗವಿರುವುದಿಲ್ಲ, ಊರಿನವರು ಅಣ್ಣನ ಅನ್ನ ಕಿತ್ತವಳು ಎನ್ನುತ್ತಾರೆ. ಈ ಭಯಕ್ಕೆ ಸಂತೋಷವೆಂದು ಹೆಸರಿಡುವುದು ನ್ಯಾಯವಲ್ಲ. ತಂದೆ ಬದುಕಿರುವಾಗಲೇ ಬರೆಯಿಸಿಕೊಂಡ ಬಿಡುಗಡೆಗೆ ಅರ್ಥವಿಲ್ಲ, ಏಕೆಂದರೆ ವಾರೀಸಿನ ಹಕ್ಕು ಹುಟ್ಟುವುದೇ ಮರಣದ ನಂತರ. ನಿಜವಾಗಿಯೂ ಆಕೆ ಕೊಡಲು ಬಯಸಿದರೆ ಮೊದಲು ಅವಳ ಹೆಸರಿಗೆ ಉತಾರವಾಗಲಿ, ಒಂದೆರಡು ವರ್ಷ ಆ ಹೊಲದ ಫಸಲು ಅವಳ ಕೈಸೇರಲಿ. ಆಮೇಲೆ ಕೊಟ್ಟರೆ ಅದು ಕೊಡುಗೆ.

'ಹೊಲಕ್ಕೆ ಶರೀಅತ್ ಕಾಯ್ದೆ ಅನ್ವಯವಾಗುವುದಿಲ್ಲ' ಎನ್ನುವ ಬಲ್ಲವರೂ ಇದ್ದಾರೆ. ಅವರು ಹೇಳುವುದು 1937ರ ಶರೀಅತ್ ಅನ್ವಯ ಕಾಯ್ದೆಯ ಎರಡನೇ ಕಲಮನ್ನು. ಅದು ಕೃಷಿಭೂಮಿಯನ್ನು ಹೊರಗಿಟ್ಟದ್ದು ನಿಜ. ಭೂಮಿ ಆಗ ಪ್ರಾಂತ್ಯಗಳ ವಿಷಯವಾಗಿತ್ತು. ಮದ್ರಾಸ್ ಪ್ರಾಂತ್ಯ 1949ರಲ್ಲಿ ಆ ಹೊರತನ್ನು ತೆಗೆದುಹಾಕಿತು. ಆದರೆ ಆ ಕಾಯ್ದೆ ಏಕೆ ಬಂತೆಂಬುದನ್ನು ಈ ಬಲ್ಲವರು ಹೇಳುವುದಿಲ್ಲ. ರೂಢಿಯ ಕಾನೂನು ತಮ್ಮ ಹಕ್ಕನ್ನು ಕಸಿಯುತ್ತಿದೆ, ಶರೀಅತ್ತೇ ಅನ್ವಯವಾಗಲಿ ಎಂದು ಮುಸ್ಲಿಂ ಮಹಿಳಾ ಸಂಘಟನೆಗಳು ಒತ್ತಾಯಿಸಿವೆಯೆಂದು ಆ ಮಸೂದೆಯ ಉದ್ದೇಶ ವಿವರಣೆಯಲ್ಲೇ ಬರೆದಿದೆ. ಅಂದರೆ ನಾವು ಇಂದು ಜೀವ ಕೊಟ್ಟಾದರೂ ಉಳಿಸುತ್ತೇವೆ ಎನ್ನುವ ವೈಯಕ್ತಿಕ ಕಾನೂನಿನ ಹಿಂದೆ ಪಾಲು ಕೇಳಿದ ಹೆಂಗಸರ ಧ್ವನಿಯಿದೆ. ಅವರ ಹೆಸರು ಯಾವ ಬಾವಡಿಯ ಮೇಲೂ ಇಲ್ಲ. ಕಾಯ್ದೆ ಹೊಲವನ್ನು ಹೊರಗಿಟ್ಟಿರಬಹುದು. ಅಲ್ಪವಿರಲಿ ಅಧಿಕವಿರಲಿ ಎಂದ ಕುರ್‌ಆನ್ ಹೊರಗಿಟ್ಟಿಲ್ಲ. ಶರೀಅತ್ ಉಳಿಸಲು ಮೆರವಣಿಗೆ ಹೊರಟು, ಹೊಲದ ಬದುವಿಗೆ ಬಂದಾಗ ರೂಢಿಯ ಕಾನೂನಿನ ಹಿಂದೆ ಅಡಗುವವರಿಗೆ ಏನೆನ್ನಬೇಕು? 2022ರಲ್ಲಿ ನಮ್ಮ ಹೆಣ್ಣುಮಕ್ಕಳು ತಲೆವಸ್ತ್ರಕ್ಕಾಗಿ ಕಾಲೇಜಿನ ಗೇಟಿನ ಹೊರಗೆ ನಿಂತಾಗ, ಅವರ ಹಕ್ಕಿಗಾಗಿ ಗಂಟಲು ಹರಿಯುವಂತೆ ಕೂಗಿದೆವು, ಸರಿಯಾಗಿಯೇ ಕೂಗಿದೆವು. ಅದೇ ಮಗಳು ತಂದೆಯ ಹೊಲದ ಬದುವಿನ ಹೊರಗೆ ನಿಂತಾಗ ಆ ಗಂಟಲುಗಳಿಗೆ ಏನಾಯಿತು?

ಲೆಕ್ಕ ಕಷ್ಟವೆಂಬ ನೆಪವೂ ಬೇಡ. ಸಾಲ, ವಸೀಯತ್ ತೀರಿದ ಮೇಲೆ 24 ಎಕರೆ ಉಳಿದಿದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎಂದುಕೊಳ್ಳಿ. ಹೆಂಡತಿಗೆ ಎಂಟನೇ ಒಂದು, ಅಂದರೆ 3 ಎಕರೆ. ಉಳಿದ 21 ಎಕರೆಯಲ್ಲಿ ಆರು ಪಾಲು ಮಾಡಿದರೆ ಪಾಲಿಗೆ ಮೂರೂವರೆ. ಗಂಡುಮಕ್ಕಳಿಗೆ ಏಳೇಳು, ಹೆಣ್ಣುಮಕ್ಕಳಿಗೆ ಮೂರೂವರೆ ಮೂರೂವರೆ. ಐದನೇ ತರಗತಿಯ ಹುಡುಗಿ ಇದನ್ನು ಮಾಡಬಲ್ಲಳು.

ನಮ್ಮ ಜಮಾತುಗಳ ಮುಂದೆ ನನ್ನ ಬೇಡಿಕೆ ಒಂದೇ. ನಿಕಾಹಿನ ದಿನ ಹುಡುಗಿಯ ಒಪ್ಪಿಗೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಕೇಳಿ ದಫ್ತರಿನಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿದೆ. ಹಾಗೆಯೇ ಮನೆಯ ಹಿರಿಯ ತೀರಿಕೊಂಡಾಗ ಮೂರನೇ ದಿನದ ಜಿಯಾರತ್ತಿಗೆ ಜನ ಸೇರುತ್ತಾರಲ್ಲ, ಅಂದೇ ಪೇಶ್ ಇಮಾಮರು ಎಲ್ಲರೆದುರು ವಾರಸುದಾರರ ಹೆಸರುಗಳನ್ನೂ ಅವರವರ ಪಾಲನ್ನೂ ಓದಲಿ. ಒಂದು ಪ್ರತಿ ಜಮಾತಿನ ದಫ್ತರಿನಲ್ಲಿರಲಿ, ಇನ್ನೊಂದು ಹೆಣ್ಣುಮಕ್ಕಳ ಕೈಗೆ ಹೋಗಲಿ. ಓದಲು ಬಾರದ ಆಪಾಳಿಗೆ ಅವಳ ಮಗಳು ಓದಿ ಹೇಳಲಿ. ಚಹಲುಮ್ ಕಳೆಯುವುದರೊಳಗೆ ವಾರಸಾ ಅರ್ಜಿ ಹೋಗಲಿ, ಅದರಲ್ಲಿ ಐದು ಹೆಸರಿರಬೇಕಾದಲ್ಲಿ ಐದೂ ಇರಲಿ.